ಅಕ್ಕನ ಕಂಪ್ಯೂಟರ್ ಮತ್ತು ಕುಣಿಗಲ್ಲಿನ ಭಾನುವಾರಗಳು

ಮದುವೆಯಾಗುವವರೆಗೂ ನಮ್ಮಕ್ಕ ಕಂಪ್ಯೂಟರ್ ಮುಟ್ಟಿದವಳಲ್ಲ. ಗುಬ್ಬಿಯಲ್ಲಿ ಅಪ್ಪನದು ಕೊಬ್ಬರಿ ವ್ಯಾಪಾರ. ಓದಬೇಕು ಅಂತ ಹಠ ಹಿಡಿದವಳು ನಾನು. ಅವಳು ಪಿಯುಸಿ ಮುಗಿಸಿ ಟೈಲರಿಂಗ್ ಕಲಿತಳು. ನಾನು ಕಂಪ್ಯೂಟರ್ ಸೈನ್ಸ್ ಓದಿ ತುಮಕೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡೆ. ಅವಳನ್ನು ಕುಣಿಗಲ್ಲಿಗೆ ಕೊಟ್ಟರು. ಬಾವನದು ಫೋಟೊ ಸ್ಟುಡಿಯೊ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಅದಕ್ಕೆ ಬೀದಿ ಕಡೆ ಒಂದು ಬಾಗಿಲು, ನಡುಮನೆ ಕಡೆ ಒಂದು ಬಾಗಿಲು. ಸುತ್ತಲಿನ ಊರುಗಳಲ್ಲಿ ಮದುವೆ, ಆರತಕ್ಷತೆ, ಗೃಹಪ್ರವೇಶ ಅಂತ ಬಾವ ಕ್ಯಾಮೆರಾ ಹೊತ್ತು ಹೋಗುತ್ತಿದ್ದರು. ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸವನ್ನು ಬೆಂಗಳೂರಿಗೆ ಕಳಿಸುತ್ತಿದ್ದರು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಆ ಕೆಲಸವನ್ನು ಅಕ್ಕ ಕೈಗೆ ತಗೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ಫೋನಿನಲ್ಲಿ ನೋಡಿ, ನೋಡಿದ್ದನ್ನು ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತಳು. "ಬಟ್ಟೆ ಕತ್ತರಿಸೋದಕ್ಕಿಂತ ಇದು ಸುಲಭ ಕಣೇ, ತಪ್ಪಾದ್ರೆ ವಾಪಸ್ ಬರುತ್ತೆ," ಅಂತ ನನಗೆ ಹೇಳಿದ್ದಳು. ಮಗು ಹುಟ್ಟಿದ ಮೇಲೆ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕೆಲಸ ಮಾಡುತ್ತಿದ್ದಳು. ಕೀಬೋರ್ಡಿನ ಕೆಲವು ಅಕ್ಷರಗಳು ಅವಳ ಬೆರಳು ಬಿದ್ದು ಬಿದ್ದು ಅಳಿಸಿಹೋಗಿದ್ದವು. ಯಾರದೋ ಮದುವೆಯ ವಿಡಿಯೊ ನೋಡುತ್ತಾ, ಈ ಹುಡುಗಿ ನೋಡೇ, ತಾಳಿ ಕಟ್ಟೋವರೆಗೂ ನಗಲಿಲ್ಲ, ಆಮೇಲೆ ನಗೋಕೆ ಶುರು ಮಾಡಿದೋಳು ನಿಲ್ಲಿಸ್ಲೇ ಇಲ್ಲ ಅನ್ನುತ್ತಿದ್ದಳು. ಗುರುತಿಲ್ಲದ ಜನರ ಮದುವೆಗಳ ಬಗ್ಗೆ ಅವಳಿಗೆ ಅಷ್ಟು ಆಸಕ್ತಿ.

ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಡೆಂಗ್ಯೂ ಅಂದರು. ಕುಣಿಗಲ್ಲಿನಿಂದ ತುಮಕೂರಿಗೆ ಕರಕೊಂಡು ಬಂದರು. ನಾನು ಕಾಲೇಜಿಗೆ ರಜೆ ಹಾಕಿ ಆಸ್ಪತ್ರೆಯಲ್ಲೇ ಇದ್ದೆ. ಪ್ಲೇಟ್‌ಲೆಟ್ ಏರಿತು ಅಂತ ಡಾಕ್ಟರು ಹೇಳಿದ ದಿನ ಅವಳು ಎದ್ದು ಕೂತು ನನ್ನ ಕೈಯಿಂದ ಗಂಜಿ ಕುಡಿದಳು. ಮಾರನೆಯ ದಿನ ರಕ್ತದೊತ್ತಡ ಇಳಿಯಿತು, ಮತ್ತೆ ಏರಲಿಲ್ಲ. ಮೂವತ್ನಾಲ್ಕು ವರ್ಷದವಳು. ಹೊಲದಲ್ಲಿ ಸಮಾಧಿ ಮಾಡುವಾಗ ಅವಳ ಮಗಳು, ಐದು ವರ್ಷದ ಕೂಸು, ನನ್ನ ಸೊಂಟದ ಮೇಲಿತ್ತು. ಹಣೆಗೆ ಇಟ್ಟ ವಿಭೂತಿಯನ್ನು ಕೈಯಿಂದ ಒರೆಸಿಕೊಳ್ಳುತ್ತಾ, "ಅಮ್ಮನ್ನ ಯಾಕೆ ಕೂರಿಸವ್ರೆ?" ಅಂತ ಕೇಳಿತು. ನಮ್ಮಲ್ಲಿ ಕೂರಿಸಿಯೇ ಸಮಾಧಿ ಮಾಡುವುದು.

ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ಖಾಲಿಯಾಗಿ, ಎರಡು ತಿಂಗಳು ಕಳೆದ ಮೇಲೆ ನಾನು ಮಗುವನ್ನು ನೋಡಲು ಒಂದು ಭಾನುವಾರ ಕುಣಿಗಲ್ಲಿಗೆ ಹೋದೆ. ಬಾವ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಗಡ್ಡ ಬಿಟ್ಟಿದ್ದರು. ಅಕ್ಕನಿಂದ ಅಷ್ಟಿಷ್ಟು ಕಲಿತಿದ್ದರಿಂದ ಈಗ ಎಡಿಟಿಂಗ್ ಕೂಡ ಅವರೇ ಮಾಡುತ್ತಿದ್ದರು. ಅವಳು ಅರ್ಧಕ್ಕೆ ಬಿಟ್ಟ ಮದುವೆಗಳು ಇನ್ನೂ ಇದ್ದವು. ಗಿರಾಕಿಗಳು ಪಾಪ, ಮೊದಮೊದಲು ಸುಮ್ಮನಿದ್ದು ಈಗ ಫೋನ್ ಮಾಡಲು ಶುರು ಮಾಡಿದ್ದರು. ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿತ್ತು. ಅದು ತುಂಬಿದರೆ ಒಂದು ಮದುವೆಯ ಫೈಲು ಸಿದ್ಧ. ಅರ್ಧ ದಿನ ಆಗುತ್ತದೆ ಅಂದರು. ಅಷ್ಟು ಹೊತ್ತು ಬೇರೆ ಏನೂ ಮಾಡುವ ಹಾಗಿಲ್ಲ. ಮಾಡಿದರೆ ಇನ್ನೂ ನಿಧಾನ.

ಹೊಸದು ತಗೋಬಹುದಲ್ಲ ಬಾವ ಅಂದೆ. ಅವರು ಬೇಡ ಅನ್ನುವಂತೆ ತಲೆ ಆಡಿಸಿದರು. ಅಕ್ಕ ಹಾಕಿಕೊಂಡ ಶಾರ್ಟ್‌ಕಟ್‌ಗಳು, ಅವಳು ಬಣ್ಣ ಹೊಂದಿಸಿದ ರೀತಿ, ಅವಳು ಹೆಸರಿಟ್ಟ ಫೋಲ್ಡರ್‌ಗಳು ಎಲ್ಲಾ ಇದರಲ್ಲೇ ಇವೆ, ಬೇರೆಯದಕ್ಕೆ ಹೋದರೆ ತನಗೆ ದಿಕ್ಕು ತಪ್ಪುತ್ತದೆ ಅಂದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಇದನ್ನ ಬದಲಾಯಿಸ್ದಂಗೆ ಜೋರು ಮಾಡಕ್ಕಾಗುತ್ತೇನಮ್ಮಾ? ನೀನು ಓದಿರೋಳು."

ಆಗಬಹುದು ಅಂದೆ. ಪ್ರೊಸೆಸರಿಗೆ, ಅಂದರೆ ಲೆಕ್ಕವೆಲ್ಲ ಮಾಡುವ ಆ ಚಿಪ್ಪಿಗೆ, ಕಂಪನಿಯವರು ಒಂದು ವೇಗ ಗೊತ್ತು ಮಾಡಿ ಕಳಿಸಿರುತ್ತಾರೆ. ಕೆಲವು ಚಿಪ್ಪುಗಳನ್ನು ಅದಕ್ಕಿಂತ ಸ್ವಲ್ಪ ಜೋರಾಗಿ ಓಡಿಸಬಹುದು. ಓವರ್‌ಕ್ಲಾಕ್ ಅನ್ನುತ್ತಾರೆ. ತರಗತಿಯಲ್ಲಿ ಕ್ಲಾಕ್ ಅಂದರೇನು ಅಂತ ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಕೈಯಾರೆ ಏರಿಸಿ ನೋಡಿದವಳಲ್ಲ. ಅದನ್ನು ಬಾವನಿಗೆ ಹೇಳಿದೆ. ಕಲಿತುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಏನೂ ಮುಟ್ಟಬೇಡಿ ಅಂದೆ.

ಆ ವಾರವೆಲ್ಲ ಓದಿದೆ. ಲ್ಯಾಬಿನಲ್ಲಿ ಮೂಲೆಗೆ ಹಾಕಿದ್ದ ಒಂದು ಹಳೆಯ ಯಂತ್ರದ ಮೇಲೆ, ವಿಭಾಗದ ಮುಖ್ಯಸ್ಥರನ್ನು ಕೇಳಿ, ಮಾಡಿ ನೋಡಿದೆ. ಓದಿದ್ದರಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬದಲಾಯಿಸಿದ ಮೇಲೆ ಕಾದು ನೋಡು. ಎರಡು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಎಲ್ಲಾ ಚಿಪ್ಪುಗಳಿಗೂ ಇದು ಆಗುವುದಿಲ್ಲ. ಕಂಪನಿಯವರು ಚಿಪ್ಪಿನ ವೇಗಕ್ಕೆ ಬೀಗ ಹಾಕಿರಬಾರದು, ಅದು ಕೂತಿರುವ ಮದರ್‌ಬೋರ್ಡೂ ಒಪ್ಪಬೇಕು. ಬಾವ ಫೋಟೊ ತೆಗೆದು ಕಳಿಸಿದ ನಂಬರುಗಳನ್ನು ನೋಡಿದೆ. ಎರಡೂ ಒಪ್ಪುವಂಥವೇ. ವಾರಂಟಿ ಹೋಗಬಹುದು ಅಂತಲೂ ಎಚ್ಚರಿಸಿದೆ. ಅದರ ವಾರಂಟಿ ಯಾವಾಗಲೋ ಮುಗಿದಿತ್ತು.

ಮುಂದಿನ ಭಾನುವಾರ ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯಿಂದ ಚಿಪ್ಪಿನ ಬಿಸಿ ಇಳಿಸುವ ಒಂದು ದೊಡ್ಡ ಕೂಲರು, ಒಂದು ಥರ್ಮಲ್ ಪೇಸ್ಟಿನ ಟ್ಯೂಬು ತಗೊಂಡು ಬಸ್ಸು ಹತ್ತಿದೆ. ಗೂಳೂರು, ನಾಗವಲ್ಲಿ, ಹೆಬ್ಬೂರು ದಾಟಿ ಕುಣಿಗಲ್ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ಮೊದಲು ಅವಳ ಕೆಲಸವನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಸಿದೆ. ಏನಾದರೂ ಎಡವಟ್ಟಾದರೆ ಯಂತ್ರ ಹೋಗಲಿ, ಮದುವೆಗಳು ಹೋಗಬಾರದು. ಆಮೇಲೆ ವೈರು ಕಿತ್ತು, ಯಂತ್ರವನ್ನು ಹಜಾರದ ಬೆಳಕಿಗೆ ತಂದು ಬಿಚ್ಚಿದೆವು.

ಒಳಗೆ ಧೂಳು ಹತ್ತಿಯ ಹಾಗೆ ಕೂತಿತ್ತು. ಬಾವ ಕ್ಯಾಮೆರಾ ಒರೆಸುವ ಬ್ರಷ್ ತಂದು ನಿಧಾನವಾಗಿ ತೆಗೆಯುತ್ತಾ ಬಂದರು. ಫ್ಯಾನಿನ ನಡುವಿನ ಗುಬಟಿಗೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ಒಂದಲ್ಲ, ಹಲವು. ಅಕ್ಕನಿಗೆ ಮೊಣಕಾಲು ಮುಟ್ಟುವ ಜಡೆ. ತಲೆ ಸ್ನಾನ ಮಾಡಿ ಕೂದಲು ಹರಡಿಕೊಂಡು ಆ ಮೇಜಿನ ಮುಂದೆ ಕೂರುತ್ತಿದ್ದದ್ದನ್ನು ನಾವಿಬ್ಬರೂ ಎಷ್ಟೋ ಸಲ ನೋಡಿದ್ದೆವು. ಬಾವ ಕೂದಲನ್ನು ಕತ್ತರಿಸಲಿಲ್ಲ. ಫ್ಯಾನನ್ನು ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿದರು. ಬಿಡಿಸಿದ್ದನ್ನು ಬೆರಳಿಗೆ ಸುತ್ತಿಕೊಂಡು, ಎಲ್ಲಿ ಹಾಕುವುದು ಅಂತ ಗೊತ್ತಾಗದೆ ಅತ್ತಿತ್ತ ನೋಡಿದರು. ಕೊನೆಗೆ ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಸ್ಕ್ರೂಗಳನ್ನು ತಟ್ಟೆಯಲ್ಲಿ ಜೋಡಿಸುವವಳ ಹಾಗೆ ತಲೆ ಬಗ್ಗಿಸಿದ್ದೆ.

ಹಳೆಯ ಕೂಲರು ತೆಗೆದಾಗ ಅದರಡಿಯ ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವುದು ಅದೇ. ಒರೆಸಿ, ಹೊಸದನ್ನು ಕಡಲೆಕಾಳಿನಷ್ಟು ಇಟ್ಟು ದೊಡ್ಡ ಕೂಲರು ಕೂರಿಸಿದೆವು. ಆನ್ ಮಾಡಿದರೆ ಸದ್ದೇ ಅರ್ಧ ಆಗಿತ್ತು. ಆ ದಿನ ವೇಗ ಮುಟ್ಟಲಿಲ್ಲ. ಇದ್ದ ವೇಗದಲ್ಲೇ ಎಷ್ಟು ಬಿಸಿಯಾಗುತ್ತೆ ಅಂತ ಮೊದಲು ತಿಳಕೊಳ್ಳಬೇಕು, ಏರಿಸುವುದು ಆಮೇಲೆ ಅಂದೆ. ಬಾವ ಸರಿ ಅಂದರು. ಅವರ ತಾಯಿ, ನಾನು ಅತ್ತೆ ಅನ್ನುತ್ತಿದ್ದೆ, ಊಟಕ್ಕೆ ಕರೆದರು. ಮುದ್ದೆ, ಸೊಪ್ಪಿನ ಸಾರು. ಮಗು ನನ್ನ ತಟ್ಟೆಯಲ್ಲೇ ಉಂಡಿತು.

ಹೀಗೆ ಭಾನುವಾರಗಳು ಶುರುವಾದವು.

ಕೆಲಸದ ಕ್ರಮ ಸರಳ. ಯಂತ್ರ ಆನ್ ಆಗುವಾಗ ಒಂದು ಕೀ ಒತ್ತಿದರೆ ಬಯೋಸ್ ಅನ್ನುವ ಪುಟ ತೆರೆಯುತ್ತದೆ. ಅಲ್ಲಿರುವ ಮೂಲ ಅಂಕಿಗಳನ್ನೆಲ್ಲ ಬಾವ ಫೋನಿನಲ್ಲಿ ಫೋಟೊ ತೆಗೆದುಕೊಂಡರು, ದಾರಿ ತಪ್ಪಿದರೆ ಹಿಂದಕ್ಕೆ ಬರಲಿಕ್ಕೆ. ಮಲ್ಟಿಪ್ಲಯರ್ ಅಂತ ವೇಗ ಗೊತ್ತು ಮಾಡುವ ಒಂದು ಅಂಕಿ ಇರುತ್ತದೆ; ಅದನ್ನು ಒಂದೇ ಒಂದು ಏರಿಸಿ, ಸೇವ್ ಮಾಡಿ ಹೊರಗೆ ಬರಬೇಕು. ಯಂತ್ರ ಸರಿಯಾಗಿ ಎದ್ದರೆ ಪರೀಕ್ಷೆ. ಚಿಪ್ಪಿಗೆ ಉಸಿರಾಡಲು ಬಿಡದಷ್ಟು ಕೆಲಸ ಕೊಡುವ ಒಂದು ಪ್ರೋಗ್ರಾಮನ್ನು ಓಡಿಸಿ, ಪಕ್ಕದಲ್ಲಿ ಬಿಸಿಯ ಅಂಕಿ ನೋಡುತ್ತಾ ಕೂರಬೇಕು. ಎಂಬತ್ತು ಡಿಗ್ರಿ ದಾಟಿ ಏರುತ್ತಲೇ ಹೋದರೆ ನಿಲ್ಲಿಸಿಬಿಡಬೇಕು ಅಂತ ನಾನು ಗೆರೆ ಹಾಕಿಕೊಂಡಿದ್ದೆ. ಇನ್ನೂ ಸ್ವಲ್ಪ ಮೇಲಕ್ಕೆ ಹೋದರೂ ತಡೆದುಕೊಳ್ಳುತ್ತೆ ಅಂತ ಓದಿದ್ದೆ. ಆದರೆ ಇದು ಕುಣಿಗಲ್ಲು, ಬೇಸಿಗೆ ಬರುತ್ತೆ, ಕೋಣೆಗೆ ಎಸಿ ಇಲ್ಲ. ವೋಲ್ಟೇಜು, ಅಂದರೆ ಚಿಪ್ಪಿಗೆ ಹೋಗುವ ಕರೆಂಟಿನ ಒತ್ತಡ, ಅದನ್ನಂತೂ ಮೊದಲ ವಾರಗಳಲ್ಲಿ ಮುಟ್ಟಲೇ ಇಲ್ಲ. ಹೊಸಬರು ಚಿಪ್ಪು ಸುಡುವುದು ಅಲ್ಲೇ. ಕರೆಂಟು ಹೋಗಿ ಬಂದು ಮಾಡುವ ಊರಾದ್ದರಿಂದ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೆವು.

ಪರೀಕ್ಷೆ ನಡೆಯುವಾಗ ಯಂತ್ರ ಮುಟ್ಟುವಂತಿಲ್ಲ. ಬಿಟ್ಟು ಹೋಗುವಂತೆಯೂ ಇಲ್ಲ. ಸುಮ್ಮನೆ ಎದುರಿಗೆ ಕೂರಬೇಕು. ಮೊದಲ ಸಲ ಇಬ್ಬರೂ ಅಂಕಿಯನ್ನೇ ನೋಡುತ್ತಾ ಕೂತೆವು. ಅರುವತ್ತೆಂಟು, ಎಪ್ಪತ್ತು, ಅರುವತ್ತೊಂಬತ್ತು. ಬಾವನೂ ನಾನೂ ಅದಕ್ಕೆ ಮುಂಚೆ ಒಬ್ಬರಿಗೊಬ್ಬರು ಹೆಚ್ಚು ಮಾತಾಡಿದವರಲ್ಲ. ಅಕ್ಕ ನಡುವೆ ಇದ್ದಳು. ಮಾತೆಲ್ಲ ಅವಳದೇ, ನಾವಿಬ್ಬರೂ ಕೇಳುವವರು. ಈಗ ಕೇಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ.

ಎರಡನೆಯದೋ ಮೂರನೆಯದೋ ಭಾನುವಾರ ಬಾವನೇ ಮಾತು ತೆಗೆದರು. ಅಂಕಿಯಿಂದ ಕಣ್ಣು ತೆಗೆಯದೆ ಹೇಳಿದರು. ಜ್ವರ ಬಂದ ಮೊದಲ ದಿನ ಅವಳು ಒಂದು ಆರತಕ್ಷತೆಯ ವಿಡಿಯೊ ಮುಗಿಸುತ್ತಿದ್ದಳಂತೆ. ಮೈ ಕೈ ನೋವು ಅಂದಳಂತೆ. ಮಲಗು ಅಂದದ್ದಕ್ಕೆ, ಆ ಹುಡುಗನ ಅಜ್ಜಿ ಕುಣಿಯುವ ಒಂದು ತುಣುಕು ಇದೆ, ಅದಕ್ಕೆ ಯಾವ ಹಾಡು ಹಾಕಲಿ ಅಂತ ಯೋಚನೆ ಮಾಡ್ತಿದೀನಿ ಅಂದಳಂತೆ. ಬಾವ ಆ ವಿಡಿಯೊವನ್ನು ಇನ್ನೂ ಮುಗಿಸಿ ಕೊಟ್ಟಿರಲಿಲ್ಲ. ಯಾವ ಹಾಡು ಹಾಕಬೇಕು ಅಂತ ತಮಗೂ ಗೊತ್ತಾಗುತ್ತಿಲ್ಲ ಅಂದರು.

ನಾನು ಗುಬ್ಬಿಯ ಮಾತು ಹೇಳಿದೆ. ಚಿಕ್ಕಂದಿನಲ್ಲಿ ಅಪ್ಪನ ಮಂಡಿಯ ಅಂಗಳದಲ್ಲಿ ಕೊಬ್ಬರಿ ಒಣಗಿಸಿದ್ದರೆ ನಾವಿಬ್ಬರೂ ಕಾಗೆ ಓಡಿಸಲು ಕೂರುತ್ತಿದ್ದೆವು. ಅಕ್ಕ ಕಾಗೆ ಓಡಿಸುತ್ತಿರಲಿಲ್ಲ. ಒಂದೊಂದು ಕಾಗೆಗೂ ನಮ್ಮ ನೆಂಟರ ಹೆಸರಿಟ್ಟು, ಆ ನೆಂಟರ ಧ್ವನಿಯಲ್ಲೇ ಮಾತಾಡಿಸುತ್ತಿದ್ದಳು. ಬಾವ ಇದನ್ನು ಕೇಳಿರಲಿಲ್ಲ. ನಕ್ಕರು. ನಾನೂ ನಕ್ಕೆ. ನಡುಮನೆಯಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದದ್ದು ನನಗೆ ಕಾಣಿಸಿತ್ತು, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಬೇರೆ ಎಲ್ಲೂ ನಾವು ಅವಳ ಬಗ್ಗೆ ಮಾತಾಡುವ ಹಾಗಿರಲಿಲ್ಲ. ಗುಬ್ಬಿಯಲ್ಲಿ ಅವಳ ಮಾತು ಬಂದರೆ ಅಮ್ಮ ಸೆರಗು ಬಾಯಿಗೆ ಹಿಡಿಯುತ್ತಾಳೆ, ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಕಾಲೇಜಿನಲ್ಲಿ ಅವಳನ್ನು ನೋಡಿದವರಿಲ್ಲ. ಅವಳು ಇದ್ದ ಹಾಗೆ, ಅವಳ ಕೋಪ, ಅವಳ ತಮಾಷೆ, ಉಪ್ಪು ಜಾಸ್ತಿ ಹಾಕುವ ಅವಳ ಕೈ ಸಮೇತ ಅವಳನ್ನು ಬಲ್ಲವರು ಈಗ ನಾವಿಬ್ಬರೇ ಅನ್ನಿಸುತ್ತಿತ್ತು. ನಾನು ವಾರವಿಡೀ ಭಾನುವಾರಕ್ಕೆ ಕಾಯತೊಡಗಿದೆ.

ನಾಲ್ಕು ಮೆಟ್ಟಿಲು ಏರಿಸುವವರೆಗೂ ಯಂತ್ರ ತಕರಾರು ಮಾಡಲಿಲ್ಲ. ಅದರ ಮುಂದಿನದಕ್ಕೆ ಪರೀಕ್ಷೆಯ ಮಧ್ಯದಲ್ಲಿ ನೀಲಿ ಪರದೆ ಬಂದು ನಿಂತುಬಿಟ್ಟಿತು. ಹೀಗಾಗುತ್ತೆ, ಒಂದು ಮೆಟ್ಟಿಲು ಇಳಿಸಿದರೆ ಸಾಕು ಅಂತ ನಾನು ಮೊದಲೇ ಹೇಳಿದ್ದೆ. ಆದರೆ ಬಾವ ಕೇಳಿದರು, ವೋಲ್ಟೇಜು ಚೂರು ಕೊಟ್ಟರೆ ಇದೂ ನಿಲ್ಲುತ್ತಲ್ಲವಾ ಅಂತ. ಚೂರೇ ಚೂರು ಕೊಟ್ಟೆವು. ಸೇವ್ ಮಾಡಿ ಹೊರಗೆ ಬಂದರೆ ಪರದೆ ಕಪ್ಪಗೆ ಉಳಿಯಿತು. ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಯಂತ್ರ ಏಳಲಿಲ್ಲ. ಆರಿಸಿ ಮತ್ತೆ ಹಾಕಿದೆವು. ಏಳಲಿಲ್ಲ.

ಬಾವ ಎದ್ದು ನಿಂತರು. "ಹೋಯ್ತಾ?" ಅಂದರು. ಇಲ್ಲ ಬಾವ, ಹೀಗಾದರೆ ಏನು ಮಾಡಬೇಕು ಅಂತ ಗೊತ್ತಿದೆ, ಅವಳ ಫೈಲುಗಳೆಲ್ಲ ಹೊರಗೂ ಇವೆ ಅಂತ ನಾನು ಹೇಳುತ್ತಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸಮಾಧಿಯ ಹತ್ತಿರವೂ ಅತ್ತಿರದ ಮನುಷ್ಯ ಆ ಮಧ್ಯಾಹ್ನ ಸ್ಟುಡಿಯೊದಲ್ಲಿ, ಬೀದಿ ಬಾಗಿಲು ತೆಗೆದಿರುವಾಗಲೇ, ಬಿಕ್ಕಿ ಬಿಕ್ಕಿ ಅತ್ತರು. ಮಗು ಒಳಗಿಂದ ಓಡಿ ಬಂದು ಅವರ ಕಾಲು ತಬ್ಬಿಕೊಂಡಿತು. ಅತ್ತೆ ಬಂದು ಬೀದಿ ಬಾಗಿಲು ಹಾಕಿದರು.

ನಾನು ವೈರು ಕಿತ್ತು, ಮುಚ್ಚಳ ತೆಗೆದೆ. ಮದರ್‌ಬೋರ್ಡಿನ ಮೇಲೆ ಗಡಿಯಾರಕ್ಕೆ ಹಾಕುವಂಥ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ನಾವು ಬದಲಾಯಿಸಿದ್ದನ್ನೆಲ್ಲ ಯಂತ್ರ ಮರೆತು ಮೂಲಕ್ಕೆ ಬರುತ್ತದೆ. ಕಾದು, ಬ್ಯಾಟರಿ ಹಾಕಿ, ವೈರು ಚುಚ್ಚಿದೆ. ಪರದೆ ಬೆಳಗಿತು. ಅದರ ಹಿಂದೆಯೇ ಅಕ್ಕ ಹಾಕಿಟ್ಟಿದ್ದ ಚಿತ್ರ, ಮಗು ಹಲ್ಲಿಲ್ಲದೆ ನಗುವುದು, ಬಂತು. ಬಾವ ಕಣ್ಣು ಒರೆಸಿಕೊಂಡು ನೋಡಿದರು. "ಬಂತು," ಅಂದರು. ನಾವು ಮತ್ತೆ ಆ ಮೆಟ್ಟಿಲಿಗೆ ಹೋಗಲಿಲ್ಲ. ನಾಲ್ಕಕ್ಕೂ ಬೇಡ ಅಂತ ಮೂರಕ್ಕೇ ಇಟ್ಟೆವು. ನಿಲ್ಲುವ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗಿರುವುದು ಒಳ್ಳೆಯದು ಅಂತ ನಾನೂ ಓದಿದ್ದೆ.

ನಿಜವಾದ ಪರೀಕ್ಷೆ ಮದುವೆಯ ಫೈಲು. ಹುಲಿಯೂರುದುರ್ಗದ ಕಡೆಯ ಒಂದು ಮದುವೆಯನ್ನು ಹಾಕಿ ಬಿಟ್ಟೆವು. ಹಿಂದೆ ಅರ್ಧ ದಿನ ತಿನ್ನುತ್ತಿದ್ದದ್ದು ಈಗ ಅದಕ್ಕಿಂತ ಬೇಗ ಮುಗಿಯಿತು. ಆದರೆ ಮಹಾ ಏನಲ್ಲ, ಮುಕ್ಕಾಲು ಗಂಟೆಯಷ್ಟು ಉಳಿದಿರಬಹುದು. ಅದರಲ್ಲೂ ಧೂಳು ತೆಗೆದದ್ದರ, ಕೂಲರು ಬದಲಾಯಿಸಿದ್ದರ ಪಾಲೇ ಹೆಚ್ಚು. ಬಾವನಿಗೆ ನಿಜ ಹೇಳಿದೆ. ಅವರಿಗೆ ಬೇಜಾರಾಗಲಿಲ್ಲ. ಅವಳಿದ್ದಿದ್ದರೆ ಆ ಮುಕ್ಕಾಲು ಗಂಟೆಗೆ ಇನ್ನೊಂದು ಆಲ್ಬಂ ಒಪ್ಪಿಕೊಂಡಿರೋಳು ಅಂದರು.

ಅಲ್ಲಿಗೆ ಕೆಲಸ ಮುಗಿದಿತ್ತು. ಆದರೂ ನಾನು ಹೋಗುವುದು ನಿಲ್ಲಲಿಲ್ಲ. ವೋಲ್ಟೇಜನ್ನು ಚೂರು ಚೂರೇ ಇಳಿಸಿ, ಅದೇ ವೇಗದಲ್ಲಿ ಬಿಸಿ ಕಡಿಮೆ ಮಾಡಬಹುದು ಅಂದೆ. ಅದೂ ನಿಜವೇ. ಬಾವ ಹೌದಾ, ನೋಡೋಣ ಅಂದರು. ಮತ್ತೆ ಪರೀಕ್ಷೆ, ಮತ್ತೆ ಕಾಯುವುದು, ಮತ್ತೆ ಅಕ್ಕನ ಮಾತು. ಅಜ್ಜಿ ಕುಣಿಯುವ ಆ ತುಣುಕನ್ನು ಒಂದು ಭಾನುವಾರ ಇಬ್ಬರೂ ಕೂತು ನೋಡಿದೆವು. ಹಾಡು ಹಾಕಲಿಲ್ಲ. ಛತ್ರದ ಗಲಾಟೆ, ಚಪ್ಪಾಳೆ, ಅಜ್ಜಿಯ ಬಳೆ ಸದ್ದು ಹಾಗೇ ಇರಲಿ ಅಂತ ಬಿಟ್ಟೆವು. ಆ ಮನೆಯವರಿಗೆ ಅದೇ ಬಹಳ ಹಿಡಿಸಿತು ಅಂತ ಆಮೇಲೆ ಬಾವ ಹೇಳಿದರು.

ಮಾಘದಲ್ಲಿ ಒಂದು ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯತೊಡಗಿದೆ. ಸೊಸೆಯನ್ನು ಮಗಳ ಹಾಗೆ ನೋಡಿಕೊಂಡ ಹೆಂಗಸು ಅವರು. ಅವರ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ತಮಗೆ ವಯಸ್ಸಾಯಿತು, ಮಂಡಿ ಹಿಡಿಯುತ್ತದೆ, ಮಗುವಿನ ತಲೆ ಬಾಚುವುದಕ್ಕೂ ಆಗುವುದಿಲ್ಲ ಅಂದರು. ಬೇರೆ ಕಡೆಯಿಂದ ಹೆಣ್ಣು ತಂದರೆ ಅವಳು ಹೇಗೋ ಏನೋ ಅಂದರು. ಆಮೇಲೆ ಕಾಳಿನ ಬುಟ್ಟಿ ನೋಡುತ್ತಾ ಮೆಲ್ಲಗೆ ಹೇಳಿದರು: "ಮಗೀಗೆ ನಿನ್ನ ಕಂಡ್ರೆ ಪ್ರಾಣ. ನೀನೇ ಅದಕ್ಕೆ ಅವ್ವ ಆಗ್ಬುಡವ್ವ. ನಿಮ್ಮ ಮನೇರ ಹತ್ರಾನೂ ಮಾತಾಡಿವ್ನಿ."

ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ ಎದ್ದೆ. ಆ ಸಂಜೆ ತುಮಕೂರಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸುತ್ತಿಬಳಸಿ ಮಾತಾಡಲಿಲ್ಲ. ಹೌದು, ಅವರು ಕೇಳಿದ್ದು ನಿಜ, ನಾವು ಬೇಡ ಅಂದಿಲ್ಲ ಅಂದಳು. ಹೊರಗಿನವಳ ಕೈಗೆ ಮಗು ಬಿದ್ದರೆ ನಾನು ಹೇಗೆ ಉಣ್ಣಲಿ ಅಂದಳು. ನಿನಗೆ ಮೂವತ್ತೊಂದಾಯಿತು, ನೀನೂ ಯಾರನ್ನೂ ಒಪ್ಪುತ್ತಿಲ್ಲ, ವಾರ ವಾರ ಅಲ್ಲಿಗೇ ಹೋಗ್ತೀಯ, ನಾವೇನು ಅಂದ್ಕೊಬೇಕು ಅಂತಲೂ ಕೇಳಿದಳು. ನಾನು ಕಂಪ್ಯೂಟರ್ ಸರಿ ಮಾಡಲು ಹೋಗುತ್ತೇನೆ ಅಂದೆ. ಹೇಳುವಾಗಲೇ ಅದು ಎಂಥ ಮಾತು ಅಂತ ನನಗೇ ಅನ್ನಿಸಿತು.

ಮದುವೆಯ ಯೋಚನೆ ನನ್ನಲ್ಲಿತ್ತೋ ಇಲ್ಲವೋ? ಈಗ ಕೂಡ ನಾನು ಖಂಡಿತವಾಗಿ ಹೇಳಲಾರೆ. ಅಕ್ಕನ ಮಂಚ, ಅಕ್ಕನ ಅಡುಗೆಮನೆ, ಅಕ್ಕನ ಗಂಡ ಅಂತ ನೆನೆಸಿಕೊಂಡರೆ ಮೈ ಹಿಂಜರಿಯುತ್ತಿತ್ತು. ಆ ಸ್ಟುಡಿಯೊ, ಆ ಕುರ್ಚಿಗಳು, ಮಾತಿನ ನಡುವೆ ತಿರುಗುವ ಆ ಫ್ಯಾನಿನ ಸದ್ದು ನನ್ನ ವಾರದಿಂದ ಹೋಗಿಬಿಡುತ್ತೆ ಅಂದುಕೊಂಡರೆ ಎದೆ ಹಿಂಡುತ್ತಿತ್ತು. ಇವೆರಡೂ ಒಂದೇ ಸಲ ಇದ್ದವು.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರ ಹೋದೆ. ಬಾವ ಪರೀಕ್ಷೆ ಹಾಕಿಕೊಂಡೇ ಕೂತಿದ್ದರು. ಅವರಿಗೂ ವಿಷಯ ಗೊತ್ತಾಗಿತ್ತು ಅಂತ ಮುಖ ನೋಡಿದರೇ ತಿಳಿಯಿತು. ಬಹಳ ಹೊತ್ತು ಅಂಕಿ ನೋಡಿದೆವು. ಎಪ್ಪತ್ತೊಂದರಲ್ಲಿ ನಿಂತಿತ್ತು, ಒಳ್ಳೆಯ ಅಂಕಿ.

"ಅವ್ವ ಕೇಳಿದ್ದು ತಪ್ಪು ಅಂತ ನಾನು ಹೇಳಲ್ಲ," ಅಂದರು ಬಾವ. "ಆದ್ರೆ ನಂಗೆ ನೀನು ಅವ್ಳ ತಂಗಿ. ಅದನ್ನ ಬೇರೆ ಏನೋ ಮಾಡ್ಕೊಂಡ್ರೆ, ಇಲ್ಲಿ ಕೂತು ಅವ್ಳ ಮಾತಾಡ್ತೀವಲ್ಲ, ಅದೂ ಹೋಯ್ತದೆ."

ನಾನೂ ಅದನ್ನೇ ಹೇಳೋಣ ಅಂತಿದ್ದೆ ಬಾವ ಅಂದೆ. ಅದು ನಿಜವೂ ಹೌದು, ಪೂರ್ತಿ ನಿಜವೂ ಅಲ್ಲ.

ಅವರು ಇನ್ನೂ ಏನೋ ಹೇಳಬೇಕು ಅಂತ ತಡವರಿಸುತ್ತಿದ್ದರು. ಮಗು ಹತ್ತಿರ ಇದೆಯಾ ಅಂತ ನೋಡಿದರು, ಅದು ಒಳಗಿತ್ತು. "ಅವ್ಳು ಇದ್ದಾಗ ನೀನು ಯಾವಾಗ ಬೇಕಾದ್ರೂ ಬರ್ಬೋದಿತ್ತು. ಈಗ ನೀನು ಬಂದ್ರೆ ಬೀದಿಯೋರು ಅದಕ್ಕೊಂದು ಅರ್ಥ ಹುಡುಕ್ತಾರೆ. ಅಂಗಡಿಗೆ ಬಂದೋರು ಕೇಳ್ತಾರೆ. ನಿಂಗಿನ್ನೂ ಮದ್ವೆ ಆಗ್ಬೇಕು. ನನ್ನಿಂದ ನಿನ್ ಹೆಸರು ಕೆಡೋದು ಬೇಡ ಕಣಮ್ಮ. ಇನ್ಮೇಲೆ ಹಬ್ಬ ಹುಣ್ಣಿಮೆಗೆ ನಿಮ್ಮ ಅಪ್ಪ ಅಮ್ಮನ ಜೊತೆ ಬಾ."

ಸರಿ ಬಾವ ಅಂದೆ. ಪರೀಕ್ಷೆ ಮುಗಿಯುವವರೆಗೆ ಇರಬೇಕೋ ಎದ್ದು ಹೋಗಬೇಕೋ ತಿಳಿಯಲಿಲ್ಲ. ಕೊನೆಗೆ ಮುಗಿಯುವವರೆಗೂ ಇದ್ದೆ. ತಪ್ಪಿಲ್ಲದೆ ಮುಗಿಯಿತು. ಇದೇ ಅಂಕಿಗಳಲ್ಲಿ ಬಿಟ್ಟುಬಿಡಿ, ಆರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ, ಬಿಸಿ ಜಾಸ್ತಿ ಆದರೆ ಮೂಲಕ್ಕೆ ಇಳಿಸಿಬಿಡಿ ಅಂತ ಹೇಳಿದೆ. ಅವರು ಎಲ್ಲದಕ್ಕೂ ಹೂಂ ಅಂದರು. ಮಗು ಬಾಗಿಲವರೆಗೆ ಬಂದು, "ಚಿಕ್ಕಿ, ಮುಂದಿನ್ವಾರ ನಂಗೆ ಎರಡು ಜಡೆ ಹಾಕು," ಅಂತು. ಹೂಂ ಅಂದೆ. ಬಸ್ಸು ಹೆಬ್ಬೂರು ದಾಟುವವರೆಗೂ ತಡೆದುಕೊಂಡಿದ್ದೆ. ಆಮೇಲೆ ಕಿಟಕಿ ಕಡೆ ತಿರುಗಿ ಅತ್ತೆ. ಅಕ್ಕ ಹೋದಾಗ ಅತ್ತ ಅಳುವಿಗೆ ಸುತ್ತ ಜನ ಇದ್ದರು. ಇದನ್ನು ಯಾರಿಗೂ ಹೇಳುವ ಹಾಗೂ ಇರಲಿಲ್ಲ.

ಮರುವರ್ಷ ಬಾವನ ಮದುವೆಯಾಯಿತು. ಹೆಣ್ಣು ಮಾಗಡಿ ಕಡೆಯವರು. ಅವರದೂ ಎರಡನೆಯ ಮದುವೆ, ಮೊದಲನೆಯದು ಮುರಿದಿತ್ತು. ನಾವು ಮನೆಯವರೆಲ್ಲ ಹೋಗಿ ಅಕ್ಷತೆ ಹಾಕಿ ಬಂದೆವು. ಅಮ್ಮ ಹೆದರಿದ ಹಾಗೆ ಏನೂ ಆಗಲಿಲ್ಲ. ಆಕೆ ಒಳ್ಳೆಯವರು. ಮಗುವಿನ ತಲೆ ಬಾಚಿ ಹೂ ಮುಡಿಸುತ್ತಾರೆ, ಶಾಲೆಗೆ ಬಿಟ್ಟು ಬರುತ್ತಾರೆ. ಮಗು ಮೊದಲು ಆಂಟಿ ಅನ್ನುತ್ತಿತ್ತು, ಈಗ ಅಮ್ಮ ಅನ್ನುತ್ತದೆ. ಅನ್ನಲೇಬೇಕು. ಹಬ್ಬಕ್ಕೆ ಹೋದಾಗ ನಾನು ನಡುಮನೆಯಲ್ಲಿ ಕೂರುತ್ತೇನೆ. ಸ್ಟುಡಿಯೊದ ಬಾಗಿಲು ತೆಗೆದಿದ್ದರೂ ಒಳಗೆ ಹೋಗುವುದಿಲ್ಲ.

ನನ್ನ ಮದುವೆ ಇನ್ನೂ ಆಗಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಮ್ಮ ನೆಂಟರಲ್ಲಿ ಕೆಲವರು ಅಂದುಕೊಂಡಿದ್ದಾರೆ. ನಾನು ವಾದ ಮಾಡುವುದಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಈ ಬೇಸಿಗೆ ಗುಬ್ಬಿಯಲ್ಲಿ ನಮ್ಮ ಸೋದರಮಾವನ ಮಗಳ ಮದುವೆ ಆಯಿತು. ವಿಡಿಯೊಗೆ ಬಾವನನ್ನೇ ಕರೆದಿದ್ದರು. ಧಾರೆ ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ ಅವರು ಲೈಟಿನ ಸ್ಟ್ಯಾಂಡ್ ಮಡಿಸುತ್ತಿದ್ದರು. ಕೂದಲು ಬಹಳ ಬೆಳ್ಳಗಾಗಿದೆ. ನನ್ನ ಕಂಡು ನಕ್ಕು, ಯಂತ್ರ ಇತ್ತೀಚೆಗೆ ತಾನೇ ಆರಿಹೋಗುತ್ತಿದೆ, ಕೆಲಸ ಹಾಕಿದರೆ ತೊಂಬತ್ತು ದಾಟುತ್ತಿದೆ ಅಂದರು. ಬಿಸಿ ತಡೆಯದೆ ತನ್ನನ್ನು ತಾನು ಉಳಿಸಿಕೊಳ್ಳಲು ಆರುತ್ತಿದೆ ಬಾವ, ಪೇಸ್ಟು ಮತ್ತೆ ಒಣಗಿರುತ್ತೆ, ಬದಲಾಯಿಸಿ, ವೇಗವನ್ನೂ ಮೂಲಕ್ಕೆ ಇಳಿಸಿಬಿಡಿ ಅಂದೆ. ಬಯೋಸಿನಲ್ಲಿ ಯಾವ ಕೀ ಒತ್ತಬೇಕು ಅಂತ ಹೇಳಿದೆ. ವಯಸ್ಸಾದ ಚಿಪ್ಪು, ಅದನ್ನು ಇನ್ನು ಜೋರಾಗಿ ಓಡಿಸಬಾರದು, ಹೊಸದು ತಗೊಳ್ಳುವ ಯೋಚನೆಯನ್ನೂ ಮಾಡಿ ಅಂದೆ. ಹೂಂ, ಈ ಸೀಜನ್ ಕಳೀಲಿ, ತಗೋಬೇಕು ಅಂದರು. ಆ ಮಾತು ಇಷ್ಟು ಸುಲಭವಾಗಿ ಅವರ ಬಾಯಿಂದ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಬಂದರು, ಜೊತೆಗೆ ತಮ್ಮ ಕಡೆಯ ಒಬ್ಬ ಹೆಂಗಸು. ಆ ಹೆಂಗಸು ನನ್ನನ್ನು ನೋಡಿ ಇವರು ಯಾರು ಅಂತ ಕೇಳಿದರು. ಬಾವ ಒಂದು ಕ್ಷಣ ತಡೆದು, "ತುಮಕೂರಲ್ಲಿ ಲೆಕ್ಚರರು. ಮಗೂಗೆ ಚಿಕ್ಕಮ್ಮ," ಅಂದರು. ಸರಿಯಾದ ಮಾತೇ. ಅವರು ಹೇಳಬಹುದಾಗಿದ್ದದ್ದೂ ಅದೊಂದೇ. ನಾನು ನಮಸ್ಕಾರ ಮಾಡಿದೆ. ಊಟ ಆಯ್ತಾ ಅಂತ ಕೇಳಿದರು, ಇನ್ನೂ ಇಲ್ಲ ಅಂದೆ. ಎಲ್ಲರೂ ಒಟ್ಟಿಗೆ ಪಂಕ್ತಿಗೆ ಹೋದೆವು.

ಎಲೆಯ ಮುಂದೆ ನನ್ನ ಪಕ್ಕಕ್ಕೆ ಬಂದು ಕೂತವಳು ಅಕ್ಕನ ಮಗಳು. ಎತ್ತರ ಆಗಿದ್ದಾಳೆ. ನಗುವಾಗ ಕಣ್ಣು ಸಣ್ಣಗಾಗುವುದು ಥೇಟು ಅವಳ ಅಮ್ಮನ ಹಾಗೆ. ಪಾಯಸ ಬಡಿಸುವಷ್ಟರಲ್ಲಿ ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಕೇಳಿದಳು: "ಚಿಕ್ಕಮ್ಮ, ನಮ್ಮ ಮೊದ್ಲಿನ ಅಮ್ಮ ಹೆಂಗೆ ಮಾತಾಡ್ತಿದ್ರು?"

ಅವಳಿಗೆ ಧ್ವನಿ ನೆನಪಿಲ್ಲ. ಮುಖ ಫೋಟೊದಲ್ಲಿದೆ, ಧ್ವನಿ ಎಲ್ಲೂ ಇಲ್ಲ. ಊರೆಲ್ಲರ ವಿಡಿಯೊ ಮಾಡಿದ ಮನೆಯಲ್ಲಿ ಅಕ್ಕ ಮಾತಾಡುವ ಒಂದೇ ಒಂದು ವಿಡಿಯೊ ಇರಲಿಲ್ಲ. ಬಾವನೂ ನಾನೂ ಹುಡುಕಿದ್ದೆವು. ಹೇಗೆ ಮಾತಾಡುತ್ತಿದ್ದಳು ಅಂತ ಹೇಳಲು ನಾನು ಬಾಯಿ ತೆರೆದೆ. ಜೋರಾಗಿ ಅನ್ನಲೇ, ಬೇಗ ಬೇಗ ಅನ್ನಲೇ? ನನ್ನ ಕಿವಿಯೊಳಗೂ ಅದು ಮಸುಕಾಗಿದೆ ಅಂತ ಆಗ ಗೊತ್ತಾಯಿತು. ಎದುರಿನ ಸಾಲಿನಲ್ಲಿ ಕೂತಿದ್ದ ಬಾವನ ಕಡೆ ನೋಡಿದೆ. ಅವರು ಹೆಂಡತಿಯ ಮಾತಿಗೆ ತಲೆ ಆಡಿಸುತ್ತಾ ಉಣ್ಣುತ್ತಿದ್ದರು.

ಆಮೇಲೆ ಹೇಳ್ತೀನಿ, ಊಟ ಮಾಡು ಅಂದೆ. ಅವಳು ಸರಿ ಅಂದು ಎಲೆಯ ಮೇಲೆ ಬಾಗಿದಳು.